ಯಾರ ಮನೆಯವರು

ಜನವರಿ 9

ದೊಡ್ಡಪ್ಪನಿಗೆ,

ನೀವು ಬರೆದ ಕಾಗದ ಮೇಸ್ತ್ರಿಯ ಕೈ ಸೇರಿತು. ಅವರು ಅದನ್ನು ಓದಿ, ನನ್ನ ಮುಖ ನೋಡಿ, ಇನ್ನೊಮ್ಮೆ ಓದಿ, "ನಿಮ್ಮ ದೊಡ್ಡಪ್ಪ ಇಷ್ಟು ದೊಡ್ಡ ಮನೆತನದೋರು ಅಂತ ನೀನು ಹೇಳ್ಲೇ ಇಲ್ವಲ್ಲಮ್ಮ" ಅಂದರು. ನನಗೂ ಗೊತ್ತಿರಲಿಲ್ಲ ಅಂದೆ.

ಕೆಲಸವನ್ನು ನನಗೇ ಕೊಟ್ಟಿದ್ದಾರೆ. ಇದುವರೆಗೆ ನಾನು ಕೆತ್ತಿದ್ದು ಮನೆಗಳ ನಂಬರು, ಸಮಾಧಿಗಳ ಮೇಲಿನ ಇಸವಿ, ಒಮ್ಮೆ ಒಬ್ಬ ಹಲ್ಲಿನ ಡಾಕ್ಟರ ಫಲಕ. ಒಂದು ಪೂರ್ತಿ ಕಲ್ಲು, ಅದೂ ನೀವು ಪಾಠ ಮಾಡಿದ ಶಾಲೆಯ ಲೈಬ್ರರಿ ಗೋಡೆಗೆ ಕೂರುವಂಥದ್ದು, ನನ್ನ ಉಳಿಗೆ ಸಿಕ್ಕಿರುವುದು ಇದೇ ಮೊದಲು. ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ "ಕೆತ್ತಿದವಳು ಈ ಮನೆಯ ಮಗಳು" ಎಂದು ಹಾಕಿಕೊ ಅಂತ ಬರೆದಿದ್ದೀರಿ. ಆ ಸಾಲನ್ನು ಎಷ್ಟು ಸಲ ಓದಿದೆ ಅಂತ ಹೇಳುವುದಿಲ್ಲ. ಅಪ್ಪ ಅಮ್ಮ ಹೋದ ಮೇಲೆ ನಾನು ಬೆಳೆದದ್ದು ನಿಮ್ಮ ಮನೆಯಲ್ಲೇ. ಆದರೂ ಶಾಲೆ ಬಿಟ್ಟು ಹೊರಟ ದಿನ ನೀವು ಬಾಗಿಲಲ್ಲಿ ನಿಂತು, "ಓದು ಮುಗಿಸೋವರೆಗೂ ಈ ಮನೆಯವಳು ಅಂತ ಎಲ್ಲೂ ಹೇಳ್ಕೋಬೇಡ" ಅಂದಿದ್ದಿರಿ. ನಾನು ಹೇಳಿಕೊಂಡಿಲ್ಲ. ಯಾರಾದರೂ ಕೇಳಿದರೆ ಕಲ್ಲಿನಂಗಡಿಯವಳು ಅನ್ನುತ್ತೇನೆ.

ಈಗ ತಕರಾರಿಗೆ ಬರುತ್ತೇನೆ. ನೀವು ಕೊಟ್ಟಿರುವ ತಲೆಬರಹ "ನಮ್ಮ ವಂಶದ ಮಹನೀಯರು". ಅದರ ಕೆಳಗೆ ಐದು ಜನ: ಸೇನಾಪತಿ, ಕವಿ, ನಕ್ಷತ್ರಗಳನ್ನು ಗುರುತಿಸಿದ ವಿಜ್ಞಾನಿ, ಸೇತುವೆ ಕಟ್ಟಿದ ಎಂಜಿನಿಯರ್, ಗಾಯಕಿ. ಐವರದ್ದೂ ನಮ್ಮದೇ ಅಡ್ಡಹೆಸರು, ಒಪ್ಪಿದೆ. ಆದರೆ ಇವರೆಲ್ಲ ನಮಗೆ ಏನಾಗಬೇಕು? ಮುತ್ತಜ್ಜನೇ, ಸೋದರತ್ತೆಯೇ, ದಾಯಾದಿಯೇ? ಕವಿ ಮದುವೆಯೇ ಆಗಲಿಲ್ಲ ಅಂತ ನೀವೇ ತರಗತಿಯಲ್ಲಿ ಹೇಳಿದ್ದೀರಿ. ಗಾಯಕಿಗೆ ಆ ಹೆಸರು ಬಂದದ್ದು ಗಂಡನ ಕಡೆಯಿಂದ. ಆಕೆ ಗಂಡನನ್ನು ಬಿಟ್ಟಳು, ಹೆಸರನ್ನು ಬಿಡಲಿಲ್ಲ. ಎಂಜಿನಿಯರ್ ತಮ್ಮ ಹೆಸರಿನ ಕೊನೆಗೆ 'ಲ' ಬರೆಯುತ್ತಿದ್ದರು, ನಾವು 'ಳ' ಬರೆಯುತ್ತೇವೆ. ಅವರ ಸೇತುವೆ ದಾಟಿಯೇ ನಾನು ದಿನಾ ಕೆಲಸಕ್ಕೆ ಹೋಗುವುದು. ಕಂಬದ ಮೇಲೆ ಅಂಗೈಯಗಲದ 'ಲ' ಇದೆ. ನೀವು ಅವರಿಗೂ 'ಳ' ಹಾಕಿದ್ದೀರಿ.

ಇನ್ನೊಂದು. ಖೋಟಾ ನಾಣ್ಯ ಹೊಡೆದು ಗಲ್ಲಿಗೇರಿದನಲ್ಲ, ಅವನದ್ದೂ ನಮ್ಮದೇ ಹೆಸರು. ಮಿಕ್ಕವರಷ್ಟೇ ಪ್ರಸಿದ್ಧ. ಅವನನ್ನು ಯಾಕೆ ಬಿಟ್ಟಿರಿ?

ಕಾಗದದ ಮೇಲೆ ತಪ್ಪಾದರೆ ಹೊಡೆದುಹಾಕಬಹುದು. ಕಲ್ಲಿನ ಮೇಲೆ ಆಗುವುದಿಲ್ಲ. ಅದಕ್ಕೇ ಮೊದಲೇ ಕೇಳುತ್ತಿದ್ದೇನೆ.

ನಿಮ್ಮ ತಮ್ಮನ ಮಗಳು


ಜನವರಿ 16

ಚಿರಂಜೀವಿಗೆ,

ನಿನ್ನ ಕಾಗದದಲ್ಲಿ ಮೂರು ಕಡೆ ದೀರ್ಘ ಬಿಟ್ಟಿದ್ದೀಯ, ಒಂದು ಕಡೆ ಬೇಡದ ಒತ್ತು ಕೊಟ್ಟಿದ್ದೀಯ. ಕೆಂಪು ಶಾಯಿಯಲ್ಲಿ ತಿದ್ದಿ ಇದರ ಜೊತೆಗೇ ವಾಪಸು ಕಳಿಸಿದ್ದೇನೆ. ಅಕ್ಷರ ಕೆತ್ತಿ ಹೊಟ್ಟೆ ಹೊರೆಯುವವಳು ಅಕ್ಷರದ ಬಗ್ಗೆ ಇಷ್ಟು ಅಸಡ್ಡೆ ತೋರಬಾರದು.

ಫೋನು ಮಾಡಿ ಮಾತಾಡಬಹುದಿತ್ತಲ್ಲ ಎಂದು ನಿನ್ನ ದೊಡ್ಡಮ್ಮ ಗೊಣಗುತ್ತಾಳೆ. ಫೋನಿನಲ್ಲಿ ನನಗೆ ನೀವು ಹೇಳಿದ್ದರಲ್ಲಿ ಅರ್ಧ ಕೇಳಿಸುತ್ತದೆ, ಮಿಕ್ಕರ್ಧ ನಾನೇ ಸೇರಿಸಿಕೊಳ್ಳುತ್ತೇನೆ, ಆಮೇಲೆ ಜಗಳವಾಗುತ್ತದೆ. ಕಾಗದವೇ ವಾಸಿ.

ಅಡ್ಡಹೆಸರು, ಅಡ್ಡಹೆಸರು ಎಂದು ಬರೆಯಬೇಡ. ಓಣಿಯ ಹುಡುಗರು ಒಬ್ಬರಿಗೊಬ್ಬರು ಇಡುವುದು ಅಡ್ಡಹೆಸರು. ನಮ್ಮದು ಮನೆತನದ ಹೆಸರು. ಒಂದು ಹೆಸರು ಸುಮ್ಮಸುಮ್ಮನೆ ಐದು ಮಹನೀಯರ ಬೆನ್ನು ಹತ್ತುವುದಿಲ್ಲ. ಎಲ್ಲೋ ಹಿಂದೆ ಬೇರು ಒಂದೇ ಇರಬೇಕು. 'ಲ'ಕಾರ 'ಳ'ಕಾರಗಳ ವ್ಯತ್ಯಾಸ ಬರೆಯುವವರ ಕೈಯದ್ದು, ರಕ್ತದ್ದಲ್ಲ. ಎಲ್ಲರಿಗೂ 'ಳ' ಹಾಕು, ಕಲ್ಲು ನೋಡಲು ಒಂದೇ ಸಮನಾಗಿರುತ್ತದೆ. ಖೋಟಾ ನಾಣ್ಯದವನ ಮಾತು ಎತ್ತಬೇಡ. ಮಕ್ಕಳು ಓದುವ ಗೋಡೆ ಅದು.

ಪರೀಕ್ಷೆಯಲ್ಲಿ "ಸೇನಾಪತಿಯ ಗುಣಗಳನ್ನು ವಿವರಿಸಿ" ಎಂದು ಕೇಳಿದ್ದಕ್ಕೆ "ನಾನು ಅವರನ್ನು ನೋಡಿಲ್ಲ" ಎಂದು ಒಂದೇ ಸಾಲು ಬರೆದು ಎದ್ದುಬಂದವಳು ನೀನು. ಆ ಉತ್ತರಪತ್ರಿಕೆಗೆ ಸೊನ್ನೆ ಹಾಕಿದ ಕೈ ಇದು. ಆಮೇಲೆ ನೀನು ಆ ಶಾಲೆಗೆ ಕಾಲಿಡಲಿಲ್ಲ. ಈಗ ಅದೇ ಸೇನಾಪತಿಯನ್ನು ಹಿಡಿದು ಮತ್ತೆ ಅದೇ ಹಟ.

ಅಜ್ಜ, ಅಂದರೆ ನನ್ನ ಅಪ್ಪ, ಯಾರು ಕೇಳಿದರೂ ಎದೆ ಮುಂದೆ ಮಾಡಿ "ನಾವು ಸೇನಾಪತಿಗಳ ಮನೆಯವರು" ಎನ್ನುತ್ತಿದ್ದರು. ಅವರು ಸುಳ್ಳು ಹೇಳುವವರಲ್ಲ. ನಿನಗೆ ಅನುಮಾನವಿದ್ದರೆ ಅವರ ತಂಗಿ ನಿನ್ನ ಊರಿನಲ್ಲೇ ಇದ್ದಾರೆ, ನಿನ್ನ ಚಿಕ್ಕಜ್ಜಿ. ಹೋಗಿ ಕೇಳು. ಕಲ್ಲಿಗೆ ಇನ್ನೂ ಒಂದು ಒಳ್ಳೆಯ ವಿವರ ಸಿಕ್ಕರೂ ಸಿಗಬಹುದು.

ಹೆಡ್‌ಮಾಸ್ಟರು ನನ್ನ ಹಳೆಯ ವಿದ್ಯಾರ್ಥಿ. ಕಲ್ಲಿಗೆಂದು ಗೋಡೆಯಲ್ಲಿ ಜಾಗ ಬಿಡಿಸಿದ್ದಾನೆ. ನನಗೆ ಬಹುಮಾನ, ಬಿರುದು ಯಾವುದೂ ಬಂದಿಲ್ಲ, ಒಂದು ಪುಸ್ತಕವನ್ನೂ ಬರೆದಿಲ್ಲ. ಉಳಿಯುವುದು ಇದೊಂದೇ.

ದೊಡ್ಡಪ್ಪ

(ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ:) ಊಟ ಸರಿಯಾಗಿ ಮಾಡ್ತಿದ್ದೀಯಾ? ಕಲ್ಲಿನ ಧೂಳು ಮೂಗಿಗೆ ಹೋಗದ ಹಾಗೆ ಬಟ್ಟೆ ಕಟ್ಟಿಕೋ. ಈ ಜಗಳದಲ್ಲಿ ನನ್ನನ್ನು ಎಳೀಬೇಡಿ. – ದೊಡ್ಡಮ್ಮ


ಜನವರಿ 24

ದೊಡ್ಡಪ್ಪನಿಗೆ,

ಕೆಂಪು ಶಾಯಿ ತಲುಪಿತು.

'ಳ' ಹಾಕು ಅಂತ ಹೇಳುವುದು ಸುಲಭ. ಕಲ್ಲಿಗೆ ಅದು ಕಷ್ಟದ ಅಕ್ಷರ, ಒಳಸುತ್ತಿನಲ್ಲಿ ಚೂರು ಹಾರುತ್ತದೆ. ಬೇಕಿದ್ದವರಿಗೆ ನೂರು ಹಾಕುತ್ತೇನೆ. ಬೇಡದವರಿಗೆ ಯಾಕೆ ಹಾಕಬೇಕು? ಸತ್ತವರು ಎದ್ದುಬಂದು ನನ್ನ ಹೆಸರು ತಿದ್ದಬೇಡ ಅನ್ನುವುದಿಲ್ಲ, ಅಷ್ಟೇ.

ಕಲ್ಲನ್ನು ಉಜ್ಜಿ ನುಣುಪು ಮಾಡಿ ಕಟ್ಟೆಯ ಮೇಲೆ ಏರಿಸಿದ್ದೇನೆ. ಗೆರೆ ಎಳೆದಿದ್ದೇನೆ, ಅಕ್ಷರ ಗುರುತು ಮಾಡಿಲ್ಲ. ಮೇಸ್ತ್ರಿ ಹೋಗುತ್ತಾ ಬರುತ್ತಾ "ಏನಮ್ಮಾ, ಕಲ್ಲು ನೋಡ್ತಾ ಕೂತ್ರೆ ಅದೇ ಬರ್ಕೊಳ್ಳುತ್ತಾ?" ಅಂತಾರೆ. ಭಾನುವಾರ ಚಿಕ್ಕಜ್ಜಿಯ ಹತ್ತಿರ ಹೋಗುತ್ತೇನೆ.


ಫೆಬ್ರವರಿ 2

ದೊಡ್ಡಪ್ಪನಿಗೆ,

ಚಿಕ್ಕಜ್ಜಿ ಚೆನ್ನಾಗಿದ್ದಾರೆ. ಕಣ್ಣು ಮಂಜು, ನಾಲಿಗೆ ಮಾತ್ರ ಚುರುಕು. ನಿಮ್ಮನ್ನು ಕೇಳಿದರು. "ಅವನಿನ್ನೂ ಎಲ್ಲರ ಕಾಪಿ ತಿದ್ಕೊಂಡೇ ಇದ್ದಾನಾ?" ಅಂದರು.

ಅಜ್ಜ "ನಾವು ಸೇನಾಪತಿಗಳ ಮನೆಯವರು" ಅನ್ನುತ್ತಿದ್ದದ್ದು ನಿಜವಂತೆ. ಸುಳ್ಳಲ್ಲವಂತೆ.

ಈಗ ಇಷ್ಟೇ ಬರೆಯುತ್ತೇನೆ. ಮಿಕ್ಕಿದ್ದನ್ನು ಹೇಗೆ ಬರೆಯಬೇಕೆಂದು ಗೊತ್ತಾಗುತ್ತಿಲ್ಲ.


ಫೆಬ್ರವರಿ 8

ಚಿರಂಜೀವಿಗೆ,

ನಿನ್ನ ಪುಟ್ಟ ಕಾಗದವನ್ನು ಓದಿ ಗಟ್ಟಿಯಾಗಿ ನಕ್ಕೆ. ದೊಡ್ಡಮ್ಮ ಅಡುಗೆಮನೆಯಿಂದ ಓಡಿಬಂದಳು.

ನಿನ್ನನ್ನು ಬಲ್ಲೆ. ಸೋತಾಗ ನಿನ್ನ ವಾಕ್ಯಗಳು ಚಿಕ್ಕವಾಗುತ್ತವೆ. ಚಿಕ್ಕವಳಿದ್ದಾಗ ಚದುರಂಗದಲ್ಲಿ ರಾಜ ಸಿಕ್ಕಿಬಿದ್ದರೆ ಮಾತು ಬಿಟ್ಟು ಕಾಯಿಗಳನ್ನು ಡಬ್ಬಿಗೆ ತುಂಬುತ್ತಿದ್ದೆ. "ಸುಳ್ಳಲ್ಲವಂತೆ" ಎಂದು ಬರೆಯಲು ನಿನಗೆ ಎಷ್ಟು ಕಷ್ಟವಾಗಿರಬಹುದು. ಹೋಗಲಿ, ನಾನು ಹಂಗಿಸುವುದಿಲ್ಲ. ಮಿಕ್ಕಿದ್ದನ್ನು ಬರೆಯುವುದೂ ಬೇಡ, ಬಂದಾಗ ಹೇಳುವೆಯಂತೆ.

ಚಿಕ್ಕಜ್ಜಿಯ ಬಾಯಿಂದಲೇ ಬಂದ ಮೇಲೆ ಇನ್ನು ಸಂಕೋಚವೇಕೆ? ಕಲ್ಲಿನ ಕೊನೆಗೆ ಒಂದು ಸಾಲು ಸೇರಿಸು: "ಅರ್ಪಣೆ: ಸೇನಾಪತಿಗಳ ನೇರ ವಂಶಸ್ಥ, ನಿವೃತ್ತ ಚರಿತ್ರೆ ಅಧ್ಯಾಪಕ". ಅದರಡಿ ನನ್ನ ಹೆಸರು. ಹೆಡ್‌ಮಾಸ್ಟರಿಗೆ ತಿಳಿಸಿದ್ದೇನೆ. ಅವನಿಗೆ ಹಿಡಿಸಲಾರದಷ್ಟು ಖುಷಿ.

ಮೂಲೆಯ ನಿನ್ನ ಸಾಲನ್ನು ಮರೆಯಬೇಡ. ನಿನ್ನ ಹಳೆಯ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಕಲ್ಲಿನ ಜೊತೆಯಲ್ಲೇ ಬಾ.

ದೊಡ್ಡಪ್ಪ


ಫೆಬ್ರವರಿ 13

ದೊಡ್ಡಪ್ಪನಿಗೆ,

ನನ್ನದೇ ತಪ್ಪು. ಅರ್ಧ ಹೇಳಿದರೆ ಮಿಕ್ಕರ್ಧ ನೀವೇ ಸೇರಿಸಿಕೊಳ್ಳುತ್ತೀರಿ ಅಂತ ಗೊತ್ತಿದ್ದೂ ಅರ್ಧ ಬರೆದೆ. ಈಗ ಪೂರ್ತಿ ಬರೆಯುತ್ತೇನೆ. ಕೂತು ಓದಿ.

ಚಿಕ್ಕಜ್ಜಿ ಕಿಟಕಿಯ ಹತ್ತಿರ ಹಳೆ ಸ್ವೆಟರಿನ ಉಣ್ಣೆ ಬಿಚ್ಚುತ್ತಿದ್ದರು, ನಾನು ಉಂಡೆ ಸುತ್ತುತ್ತಿದ್ದೆ. ನಾವು ಸೇನಾಪತಿಯ ಮನೆಯವರಂತೆ, ಹೌದಾ ಅಂತ ಕೇಳಿದೆ. "ಹೂಂ ಕಣೇ, ಹಿತ್ತಿಲ ಕಡೆ" ಅಂದರು. ನನಗೆ ಅರ್ಥವಾಗಲಿಲ್ಲ.

ಅವರು ಹೇಳಿದ್ದನ್ನು ಹಾಗೇ ಇಡುತ್ತೇನೆ:

"ಸೇನಾಪತಿಗಳ ಮೊಮ್ಮಕ್ಕಳದ್ದು ದೊಡ್ಡ ಬಂಗಲೆ. ಹಿಂದುಗಡೆ ಕುದುರೆ ಲಾಯ ಇತ್ತು. ಕುದುರೆಗಳು ಹೋದ್ವು, ಲಾಯಕ್ಕೆ ಗೋಡೆ ಎಬ್ಬಿಸಿ ಎರಡು ಕೋಣೆ ಮಾಡಿ ಬಾಡಿಗೆಗೆ ಬಿಟ್ರು. ಒಂದರಲ್ಲಿ ನಾವು. ಮಳೆ ಬಂದ್ರೆ ಗೋಡೆಯಿಂದ ಕುದುರೆ ವಾಸನೆ ಬರೋದು. ನಿಮ್ಮಜ್ಜನ್ನ ಸ್ಕೂಲಿಗೆ ಸೇರಿಸೋಕೆ ಅಪ್ಪ ಕರ್ಕೊಂಡು ಹೋದ್ರು, ನಾನೂ ಬೆರಳು ಹಿಡ್ಕೊಂಡು ಹೋಗಿದ್ದೆ. ಆ ಗುಮಾಸ್ತ ತಲೆ ಎತ್ತದೆ, 'ಯಾರ ಮನೆಯವರು?' ಅಂದ. ಅಪ್ಪ ಏನು ತಿಳ್ಕೊಂಡ್ರು? ಎಲ್ಲಿದ್ದೀರಿ ಅಂತ ಕೇಳ್ತಿದ್ದಾನೆ ಅಂತ. 'ಸೇನಾಪತಿಗಳ ಮನೆಯವರು ಸ್ವಾಮಿ' ಅಂದ್ರು. ಅವನು ಎದ್ದು ನಿಂತು ಕುರ್ಚಿ ಕೊಟ್ಟ. ಅವರ ಹೆಸರನ್ನೇ ನಮಗೆ ಬರೆದ. ಅಪ್ಪ ಕುರ್ಚಿ ಮೇಲೆ ತುದೀಲಿ ಕೂತಿದ್ರು, ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ."

ಅದಕ್ಕೆ ಮೊದಲು ನಮ್ಮ ಹೆಸರು ಏನಿತ್ತು ಅಂದೆ.

"ಏನೂ ಇರಲಿಲ್ಲ. ನಮ್ಮನ್ನ ಯಾರು ಅಷ್ಟುದ್ದ ಹೆಸರು ಹಿಡಿದು ಕರೀತಿದ್ರು?"

ಇದು ನಿಮಗೆಲ್ಲ ಗೊತ್ತಿದೆ ಅಂತಲೇ ಅವರು ತಿಳಿದಿದ್ದರು. ನಿಮ್ಮಪ್ಪ ನಿಮಗೆ ಇದನ್ನು ನಗುತ್ತಾ ಹೇಳಿರುತ್ತಾರೆ ಅಂದುಕೊಂಡಿದ್ದರು.

ಆದ್ದರಿಂದ ಅಜ್ಜ ಸುಳ್ಳು ಹೇಳಲಿಲ್ಲ. ಸೇನಾಪತಿ ನಮಗೆ ಏನೂ ಆಗಬೇಕಾಗಿಲ್ಲ, ಅಷ್ಟೇ. ಮಿಕ್ಕ ನಾಲ್ವರ ಮಾತಂತೂ ದೂರ. "ನೇರ ವಂಶಸ್ಥ" ಅಂತ ನಾನು ಕೆತ್ತಲಾರೆ. "ನಮ್ಮ ವಂಶ"ವನ್ನೂ ಕೆತ್ತಲಾರೆ. ಬೇರೆ ಸಾಲು ಕೊಡಿ, ಹಗಲೂ ರಾತ್ರಿ ಕೂತು ಮುಗಿಸುತ್ತೇನೆ.

ಸುಣ್ಣ ಹೊಡೆಸಿದ್ದೀರಿ ಅಂತ ಓದಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.


ಫೆಬ್ರವರಿ 27

ದೊಡ್ಡಪ್ಪನಿಗೆ,

ಉತ್ತರ ಬರಲಿಲ್ಲ. ಕಾಗದ ಸಿಗಲಿಲ್ಲವೋ, ಸಿಕ್ಕಿಯೂ ಸಿಗಲಿಲ್ಲವೋ ತಿಳಿಯದು. ಕೆಂಪು ಶಾಯಿಯಲ್ಲಿ ತಿದ್ದಿಯಾದರೂ ಕಳಿಸಿ.

ಮೇಸ್ತ್ರಿ ಇವತ್ತು ಕಲ್ಲಿನ ಎದುರು ಸ್ಟೂಲು ಹಾಕಿಕೊಂಡು ಕೂತರು. ನಾನು ಎಲ್ಲ ಹೇಳಿದೆ. ಅವರು ಬೀಡಿ ಆರಿಸಿ, "ನೋಡಮ್ಮ, ಕಲ್ಲು ನಮ್ದು, ಉಳಿ ನಮ್ದು, ಮಾತು ಗಿರಾಕಿದು. 'ಪ್ರೀತಿಯ ಗಂಡ' ಅಂತ ಎಷ್ಟು ಜನಕ್ಕೆ ಕೆತ್ತಿಲ್ಲ ನಾನು? ಎಲ್ಲರ ಮನೆಗೂ ಹೋಗಿ ವಿಚಾರಿಸ್ಕೊಂಡು ಬಂದ್ನಾ?" ಅಂದರು. ಆ ಗಂಡಂದಿರ ಮನೆಯಲ್ಲಿ ನಾನು ಬೆಳೆದಿಲ್ಲ ಅಂತ ಮಾತ್ರ ಅಂದೆ.

ಶಾಲೆಯವರ ದಿನ ಹತ್ತಿರ ಬರುತ್ತಿದೆ. ಏನಾದರೂ ಬರೆಯಿರಿ.


ಮಾರ್ಚ್ 5

ಚರಿತ್ರೆಯನ್ನು ಮೂವತ್ತು ವರ್ಷ ಪಾಠ ಮಾಡಿದವನಿಗೆ ಉಣ್ಣೆ ಬಿಚ್ಚುವ ಮುದುಕಿಯ ಮಾತಿನಿಂದ ಚರಿತ್ರೆ ಹೇಳಿಕೊಡುತ್ತಿದ್ದೀಯ. ಆಗಲಿ.

ತಲೆಬರಹ ಬದಲಾಯಿಸಿದ್ದೇನೆ: "ನಮ್ಮ ಹೆಸರಿನ ಮಹನೀಯರು". ವಂಶ ಹೋಯಿತು. ಕೊನೆಯ ಸಾಲು: "ಅರ್ಪಣೆ: ಸೇನಾಪತಿಗಳ ಮನೆಯವರು". ಅದರಡಿ ನನ್ನ ಹೆಸರು. ಇದು ನನ್ನ ಅಪ್ಪನ ಬಾಯಿಯ ಮಾತು, ಅವರಪ್ಪನ ಬಾಯಿಯ ಮಾತು. ಇದರಲ್ಲಿ ಒಂದೇ ಒಂದು ಸುಳ್ಳು ತೋರಿಸು.

ತೋರಿಸಲಾಗದಿದ್ದರೆ ಕೆತ್ತು. ಕೆತ್ತುವ ಮನಸ್ಸಿಲ್ಲದಿದ್ದರೆ ಅಲ್ಲಿ ಬೇರೆ ಕೈಗಳಿರಬೇಕು. ಆಗ ಮೂಲೆಯ ಸಾಲು ಬೇಕಾಗುವುದಿಲ್ಲ.


ಮಾರ್ಚ್ 10

ದೊಡ್ಡಪ್ಪನಿಗೆ,

ಸುಳ್ಳು ಇಲ್ಲ. ಹುಡುಕಿದೆ. ಒಂದೊಂದು ಪದವೂ ನಿಜ. ಅದೇ ನನಗೆ ಸಿಟ್ಟು. ಆ ಗೋಡೆಯ ಮುಂದೆ ನಿಂತ ಮಗು "ಮನೆಯವರು" ಅಂತ ಓದಿ ಕುದುರೆ ಲಾಯವನ್ನು ನೆನೆಯುತ್ತದಾ? ಗುಮಾಸ್ತ ಕುರ್ಚಿ ಕೊಟ್ಟ ಹಾಗೆ ಅದೂ ಕುರ್ಚಿ ಕೊಡುತ್ತದೆ. ಮುತ್ತಜ್ಜನಿಗೆ ಪ್ರಶ್ನೆ ಅರ್ಥವಾಗಿರಲಿಲ್ಲ. ನಿಮಗೆ ಅರ್ಥವಾಗಿದೆ.

ಇವತ್ತು ಬೆಳಿಗ್ಗೆ ಮೇಸ್ತ್ರಿಗೆ ನನ್ನಿಂದಾಗದು ಅಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನನ್ನು ಮತ್ತೆ ಮನೆ ನಂಬರುಗಳಿಗೆ ಹಾಕಿದ್ದಾರೆ. ಕಲ್ಲನ್ನು ಎಡಚನಿಗೆ ಕೊಟ್ಟರು. ಅವನು ನನ್ನ ಪಕ್ಕದಲ್ಲೇ ಕೂರುವ ಹಳೆಯ ಕೆಲಸಗಾರ, ಎಡಗೈಯವನು, ಓದು ಬರುವುದಿಲ್ಲ, ಅಕ್ಷರವನ್ನು ಬಳ್ಳಿ ನೋಡಿದ ಹಾಗೆ ನೋಡಿ ಕೆತ್ತುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಸೇನಾಪತಿ ಮುಗಿದಿದ್ದ. ಅವನ 'ಳ' ನನ್ನದಕ್ಕಿಂತ ಚೆನ್ನಾಗಿ ಬರುತ್ತದೆ.

"ಈ ಮೂಲೇಲಿ ಏನೋ ಇತ್ತಲ್ಲ, ಸಣ್ಣದಾಗಿ?" ಅಂತ ಕೇಳಿದ. ಏನೂ ಇಲ್ಲ ಅಂದೆ.

ನಾನು 14 ಅಂತ ಕೆತ್ತುತ್ತಿದ್ದೇನೆ. ಯಾರ ಮನೆಯೋ ಗೊತ್ತಿಲ್ಲ.


ಏಪ್ರಿಲ್ 4

ಚಿರಂಜೀವಿಗೆ,

ನಿನಗೆ ಬರೆಯಬಾರದೆಂದುಕೊಂಡಿದ್ದೆ. ದೊಡ್ಡಮ್ಮ ಬರೆಯದಿದ್ದರೆ ಅಡುಗೆಮನೆಗೆ ಬರಬೇಡಿ ಎಂದಿದ್ದಾಳೆ.

ಕಲ್ಲು ಕಳೆದ ವಾರ ಬಂತು. ಶಾಲೆಗೆ ಹೋಗುವ ಮುನ್ನ ನೋಡಬೇಕೆಂದು ಮನೆಗೇ ತರಿಸಿಕೊಂಡಿದ್ದೆ. ಕೆಲಸ ಅಚ್ಚುಕಟ್ಟು, ಅದನ್ನು ಒಪ್ಪಬೇಕು. ಸಂಜೆ ಹೆಡ್‌ಮಾಸ್ಟರು ಬಂದ. ಕಲ್ಲಿನ ಮೇಲೆ ಕೈಯಾಡಿಸಿದ. ಸಮಾರಂಭದಲ್ಲಿ ನನ್ನನ್ನು ಪರಿಚಯಿಸಬೇಕಲ್ಲ, ಅದಕ್ಕೆ ವಿನಯದಿಂದಲೇ ಕೇಳಿದ: "ಸೇನಾಪತಿಗಳು ನಿಮಗೆ ಏನಾಗಬೇಕು ಸಾರ್?"

ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ನನಗೇ ಗೊತ್ತಿಲ್ಲ. ಅಷ್ಟರಲ್ಲಿ ನಿನ್ನ ದೊಡ್ಡಮ್ಮ ಚಹಾದ ತಟ್ಟೆ ಕೆಳಗಿಡುತ್ತಾ, "ಬಾಡಿಗೆ ಮನೆ ಓನರ್ ಆಗ್ಬೇಕು" ಎಂದಳು. ನಿನ್ನ ಕಾಗದಗಳನ್ನೆಲ್ಲ ಅವಳು ಓದಿದ್ದಾಳೆ. ಜಗಳದಲ್ಲಿ ಎಳೆಯಬೇಡಿ ಎಂದವಳು.

ಹೆಡ್‌ಮಾಸ್ಟರು ಚಹಾ ಚೆಲ್ಲುವ ಹಾಗೆ ನಕ್ಕ. "ಮೇಡಂ ಬಹಳ ತಮಾಷೆ ಮಾಡ್ತಾರೆ ಸಾರ್" ಎಂದ. ನಾನೂ ನಕ್ಕೆ. ಆ ನಗು ನನ್ನ ಕಿವಿಗೆ ಬಿತ್ತು. ತರಗತಿಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗರು ಹಾಗೆ ನಗುತ್ತಾರೆ. ನಾನು ಅಂಥವರನ್ನು ನಿಲ್ಲಿಸಿ ಬೈಯುತ್ತಿದ್ದೆ.

ಮಾರನೆಯ ದಿನ ಅವನಿಗೆ, ಕಲ್ಲಿನ ಹಿಂಬದಿ ಇಳಿಸುವಾಗಲೇ ಬಿರುಕು ಬಿಟ್ಟಿತ್ತು, ನಿನ್ನೆ ಕಣ್ಣಿಗೆ ಬೀಳಲಿಲ್ಲ, ಗೋಡೆಗೆ ಏರಿಸುವ ಹಾಗಿಲ್ಲ ಎಂದು ಹೇಳಿಕಳಿಸಿದೆ. ಸಮಾರಂಭ ಮುಂದಕ್ಕೆ ಹೋಯಿತು. ಯಾರಿಗೂ ತೊಂದರೆಯಿಲ್ಲ.

ಈಗ ಸೇನಾಪತಿ ಹಿತ್ತಿಲಲ್ಲಿ ಮುಖ ಅಡಿ ಮಾಡಿ ಮಲಗಿದ್ದಾನೆ. ದೊಡ್ಡಮ್ಮ ಅವನ ಬೆನ್ನ ಮೇಲೆ ನನ್ನ ಅಂಗಿ ಒಗೆಯುತ್ತಾಳೆ. ಎತ್ತರ ಸರಿಯಾಗಿದೆಯಂತೆ, ಸೊಂಟ ನೋಯುವುದಿಲ್ಲವಂತೆ. ಬೆಳಿಗ್ಗೆ ಬೆಳಿಗ್ಗೆ ಆ ಬಡಿತ ಕೇಳುತ್ತಾ ಪೇಪರ್ ಓದುವುದು ನನ್ನ ಹಣೆಬರಹ.

ನಿನಗೆ ತೃಪ್ತಿಯಾಯಿತೇ?

ದೊಡ್ಡಪ್ಪ


ಏಪ್ರಿಲ್ 10

ದೊಡ್ಡಪ್ಪನಿಗೆ,

ಇಲ್ಲ.

ಯಾರಿಗೂ ತೊಂದರೆಯಿಲ್ಲ ಅಂತ ಬರೆದಿದ್ದೀರಿ. ನಿಮ್ಮ ಹೆಡ್‌ಮಾಸ್ಟರು ಮೇಸ್ತ್ರಿಗೆ ಕಾಗದ ಹಾಕಿದ್ದಾರೆ. ಬಿರುಕುಬಿಟ್ಟ ಕಲ್ಲು ಕಳಿಸಿ ಒಬ್ಬ ಹಿರಿಯರಿಗೆ ಅವಮಾನ ಮಾಡಿದಿರಿ ಅಂತ. ಮೇಸ್ತ್ರಿ ಅದನ್ನು ಕೆಲಸಗಾರರೆಲ್ಲರ ಎದುರು ಓದಿಸಿದರು. ಓದಿದ್ದು ನಾನೇ. ಕೆಲಸಗಾರರಲ್ಲಿ ಓದು ಬರುವವಳು ನಾನೊಬ್ಬಳೇ ತಾನೇ, ಅರ್ಧಂಬರ್ಧವಾದರೂ.

ಕಲ್ಲಿಗೆ ಹುಲ್ಲು ಸುತ್ತಿ ಕಟ್ಟಿ ಲಾರಿಗೆ ಏರಿಸಿದ್ದು ಎಡಚ. ಅವನು ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ. "ನಾನು ಸರಿಯಾಗೇ ಕಟ್ಟಿದ್ದೆ ಅನ್ಸುತ್ತಪ್ಪ" ಅಂದ. ಅನ್ನಿಸುತ್ತೆ ಅಂತೆ. ಅವನಿಗೇ ಈಗ ಅನುಮಾನ. ಮೇಸ್ತ್ರಿ ಅವನನ್ನು ದೊಡ್ಡ ಕಲ್ಲುಗಳಿಂದ ಇಳಿಸಿ ನನ್ನ ಹಾಗೆಯೇ ನಂಬರಿಗೆ ಕೂರಿಸಿದ್ದಾರೆ.

ನಾನು ಎದ್ದು ನಿಂತು, ಕಲ್ಲು ಒಡೆದಿಲ್ಲ, ನಮ್ಮ ದೊಡ್ಡಪ್ಪ ಸುಳ್ಳು ಹೇಳಿದ್ದಾರೆ ಅಂದೆ. ಮೇಸ್ತ್ರಿ ನಂಬಲಿಲ್ಲ. "ಅಂಥ ಮನೆತನದೋರು ಯಾಕಮ್ಮ ಸುಳ್ಳು ಹೇಳ್ತಾರೆ?" ಅಂದರು. ನೋಡಿ, ಆ ಕಲ್ಲು ಗೋಡೆಗೆ ಏರದೆಯೂ ಕೆಲಸ ಮಾಡುತ್ತಿದೆ.

ಸೇನಾಪತಿ ನಿಮಗೆ ಏನಾಗಬೇಕು ಅನ್ನುವುದನ್ನು ನೀವು ಊರಿಗೆಲ್ಲ ಹೇಳಬೇಕಾಗಿಲ್ಲ. ಆದರೆ ಕಲ್ಲು ಒಡೆದಿಲ್ಲ ಅಂತ ಹೇಳಲೇಬೇಕು. ಅದನ್ನು ಹೇಳಿದರೆ ಮತ್ತೆ ಯಾಕೆ ಏರಿಸಲಿಲ್ಲ ಅಂತ ಕೇಳುತ್ತಾರೆ, ಗೊತ್ತು. ಅದಕ್ಕೆ ನಾನೇನು ಮಾಡಲಿ? ಮೂಲೆಯ ಸಾಲು ಹೋದದ್ದಕ್ಕೆ ನಾನು ಕಾಗದ ಬರೆದು ಜಗಳ ಆಡಲಿಲ್ಲ. ಇದಕ್ಕೆ ಆಡುತ್ತೇನೆ. ನೀವು ಹೋಗಿ ಹೇಳದಿದ್ದರೆ ನಾನೇ ಬಂದು ಆ ಶಾಲೆಯ ಮೆಟ್ಟಿಲ ಮೇಲೆ ಕೂರುತ್ತೇನೆ. ಶಾಲೆಗೆ ಕಾಲಿಡುವುದಿಲ್ಲ ಅಂದಿದ್ದೆ. ಇದಕ್ಕೋಸ್ಕರ ಇಡುತ್ತೇನೆ.


ಏಪ್ರಿಲ್ 19

ಚಿರಂಜೀವಿಗೆ,

ಹೋಗಿದ್ದೆ.

ಹೆಡ್‌ಮಾಸ್ಟರ ಕೋಣೆಯಲ್ಲಿ ಫ್ಯಾನು ಕೆಟ್ಟಿತ್ತು. ನಿಂತುಕೊಂಡೇ ಹೇಳಿದೆ, ಅವನು ಕೂರಿ ಎಂದರೂ. ಕಲ್ಲು ಗಟ್ಟಿಯಾಗಿದೆ ಎಂದೆ. ಮತ್ತೆ ಯಾಕೆ ಸಾರ್ ಎಂದ. ಬಂಗಲೆ, ಲಾಯ, ಗುಮಾಸ್ತ, ಕುರ್ಚಿ, ಎಲ್ಲವನ್ನೂ ಹೇಳಿದೆ. ಪಾಠ ಮಾಡುವಾಗ ಇದ್ದಂತೆ ಇಸವಿ ಹೇಳಲಾಗಲಿಲ್ಲ, ಗೊತ್ತಿಲ್ಲ ಎಂದೆ. ಅವನು ಕೇಳಿದ್ದು ಒಂದೇ:

"ಹಾಗಾದ್ರೆ ಅವತ್ತು ನಿಮ್ಮ ಮನೆಯವರು ಹೇಳಿದ್ದು ತಮಾಷೆ ಅಲ್ವಾ ಸಾರ್?"

ಮನೆಯವರು ಎಂದ. ಎಷ್ಟು ವರ್ಷ ಆ ಪದವನ್ನು ಎದೆಯ ಮೇಲೆ ಪದಕದಂತೆ ಹಾಕಿಕೊಂಡು ತಿರುಗಿದೆನೋ, ಅವನು ಅದನ್ನು ಅಡುಗೆಮನೆಯಲ್ಲಿ ನಿಂತಿರುವ ಹೆಂಗಸಿಗೆ ಕೊಟ್ಟುಬಿಟ್ಟ. ಹೌದು, ಅವರೇ ಸರಿಯಾಗಿ ಹೇಳಿದ್ದು ಎಂದೆ.

ಮೇಸ್ತ್ರಿಗೆ ಅವನೂ ಬರೆದಿದ್ದಾನೆ, ನಾನೂ ಬೇರೆ ಬರೆದಿದ್ದೇನೆ. ಎಡಗೈಯ ಕೆಲಸಗಾರನ ಕ್ಷಮೆ ಕೇಳಿದ್ದೇನೆ. ಅವನಿಗೆ ಓದು ಬರುವುದಿಲ್ಲವಾದ್ದರಿಂದ ಆ ಭಾಗವನ್ನು ನೀನು ಗಟ್ಟಿಯಾಗಿ ಓದಿ ಹೇಳು. ಎಲ್ಲರ ಎದುರು.

ಗೋಡೆಯಲ್ಲಿ ಬಿಟ್ಟ ಜಾಗ ಹಾಗೇ ಇದೆ. ಹೆಡ್‌ಮಾಸ್ಟರಿಗೆ ಈಗಲೂ ಕಲ್ಲು ಬೇಕಂತೆ, ಬೇರೆ ಮಾತಿನಲ್ಲಿ. ಕಲ್ಲಿಗೆ ಇನ್ನೊಂದು ಮುಖವಿದೆ. ಸಾಲುಗಳನ್ನು ಕೆಳಗೆ ಬರೆದಿದ್ದೇನೆ.

ಒಂದೇ ಅಡ್ಡಹೆಸರಿನವರು. ಒಬ್ಬರಿಗೊಬ್ಬರು ಏನೂ ಆಗಬೇಕಾಗಿಲ್ಲ.

ಅದರಡಿ ಐವರ ಹೆಸರು. ಆರನೆಯದಾಗಿ ಆ ಖೋಟಾ ನಾಣ್ಯದವನನ್ನೂ ಹಾಕಿಕೋ. ಮಕ್ಕಳು ಅವನ ಬಗ್ಗೆಯೇ ಮೊದಲು ಕೇಳುತ್ತಾರೆ, ಅದು ನನಗೆ ಗೊತ್ತು. ಅರ್ಪಣೆ ಗಿರ್ಪಣೆ ಏನೂ ಬೇಡ. ನನ್ನ ಹೆಸರೂ ಬೇಡ.

ಮೂಲೆಯ ಸಾಲು ಮಾತ್ರ ಮೊದಲು ಬರೆದಂತೆಯೇ ಇರಲಿ. ಅದು ನಿಜವೋ ಸುಳ್ಳೋ ಎಂದು ಯಾವ ಅಜ್ಜಿಯನ್ನೂ ಕೇಳಬೇಕಾಗಿಲ್ಲ.

ಈ ಬಾರಿ ನಿನ್ನ ಕಾಗದದಲ್ಲಿ ಒಂದೇ ತಪ್ಪಿತ್ತು. ತಿದ್ದಿಲ್ಲ.

ದೊಡ್ಡಪ್ಪ

(ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ:) ನನಗೆ ಒಗೆಯೋಕೆ ಬೇರೆ ಕಲ್ಲು ತರ್ತೀನಿ ಅಂತ ಬರೆದುಕೊಡು, ಆಮೇಲೆ ಇದನ್ನು ಮುಟ್ಟು.


ಏಪ್ರಿಲ್ 24

ದೊಡ್ಡಪ್ಪನಿಗೆ,

ಎಡಚನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದ. ಆಮೇಲೆ, "ನಾನು ಸರಿಯಾಗೇ ಕಟ್ಟಿದ್ದೆ" ಅಂದ. ಈ ಸಲ ಅನ್ಸುತ್ತೆ ಅನ್ನಲಿಲ್ಲ. ಮೇಸ್ತ್ರಿ ನನಗೆ ರಜೆ ಕೊಟ್ಟಿದ್ದಾರೆ. "ಹೋಗಿ ಮುಗಿಸ್ಕೊಂಡು ಬಾ. ಇನ್ನು ಮೇಲೆ ನಿಮ್ಮ ಸಂಬಂಧಿಕರ ಕೆಲಸ ಮಾತ್ರ ಹಿಡಿಯಲ್ಲಮ್ಮ ನಾನು" ಅಂದರು.

ಹಳೆಯ ಮುಖ ಗೋಡೆಯೊಳಗೆ ಹೋಗುತ್ತದೆ, ಯಾರಿಗೂ ಕಾಣುವುದಿಲ್ಲ. ಅದು ನನಗೆ ಪೂರ್ತಿ ಸರಿ ಅನ್ನಿಸಿಲ್ಲ. ಆದರೆ ಎಡಚನ 'ಳ'ಗಳನ್ನು ಉಜ್ಜಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಇರಲಿ.

ನೀವು ಕಳಿಸಿದ ಸಾಲುಗಳಲ್ಲಿ ಎಂಜಿನಿಯರಿಗೆ ಮತ್ತೆ 'ಳ' ಹಾಕಿದ್ದೀರಿ. ತಿದ್ದಿಕೊಂಡಿದ್ದೇನೆ. ಕೆಂಪು ಶಾಯಿ ಸಿಗಲಿಲ್ಲ, ಸೀಮೆಸುಣ್ಣದಲ್ಲಿ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಆ ಊರಿನ ಬಸ್ಸಿನಲ್ಲಿ ಪಕ್ಕ ಕೂತವರು ಯಾರ ಮನೆಯವಳು ಅಂತ ಕೇಳಿಯೇ ಕೇಳುತ್ತಾರೆ. ಈ ಸಲ ಹೇಳುತ್ತೇನೆ.

ಶುಕ್ರವಾರದಿಂದ ಬಟ್ಟೆ ಒಗೆಯುವುದು ಬೇಡ ಅಂತ ದೊಡ್ಡಮ್ಮನಿಗೆ ಹೇಳಿ. ಕಲ್ಲು ಒಣಗಿರಬೇಕು.